ಆಫೀಸಿಗೆ ಡಿವಿಡಿ ಒಳಗೇ ಇರೋ ಸಣ್ಣ ಟಿವಿ: ನಿಮ್ಮ ಪ್ರಶ್ನೆ, ಟೆಕ್ನಿಷಿಯನ್ ಉತ್ತರ

ಶಿರಸಿ ಕ್ಲಿನಿಕ್: ನಮಸ್ಕಾರ ಸಾರ್. ಹಲ್ಲಿನ ಕ್ಲಿನಿಕ್, ರೋಗಿಗಳು ಕೂರೋ ಕೋಣೆ 10×12 ಅಡಿ. ಮಕ್ಕಳಿಗೆ ಕಾರ್ಟೂನ್ ಡಿಸ್ಕ್ ಹಾಕಬೇಕು. ಡಿವಿಡಿ ಪ್ಲೇಯರ್ ಒಳಗೇ ಇರೋ 22 ಇಂಚಿನ ಸೆಕೆಂಡ್ ಹ್ಯಾಂಡ್ ಟಿವಿ ಒಂದು ಸಿಕ್ಕಿದೆ. ತಗೋಬಹುದಾ?

ಟೆಕ್ನಿಷಿಯನ್: ನಮಸ್ಕಾರ. ಆ ಕೋಣೆಗೆ 22–24 ಇಂಚು ಸಾಕು. ಇಂಥ ಸೆಟ್ ಹೊಸದಾಗಿ ಅಂಗಡಿಯಲ್ಲಿ ಸಿಗೋದು ಅಪರೂಪ, ಹಳೇದನ್ನ ಪರೀಕ್ಷೆ ಮಾಡಿಯೇ ತಗೋಬೇಕು. ಐದು ನಿಮಿಷ ಓಡಿಸಿ ತೋರಿಸಿದ್ರೆ ಒಪ್ಪಬೇಡಿ. ಒಂದೇ ಪದರದ 4.7 ಜಿಬಿ ಡಿಸ್ಕ್ ತುಂಬಾ ವಿಡಿಯೋ ಇರೋದನ್ನ ಹಾಕಿ, ಒಂದು ಗಂಟೆ ಬಿಡಿ, ಸೆಟ್ ಬಿಸಿಯಾದ ಮೇಲೆ ಕೊನೇ ಭಾಗಕ್ಕೆ ಹೋಗಿ. ಡಿವಿಡಿ ಒಳಸುತ್ತಿನಿಂದ ಹೊರಕ್ಕೆ ಓದುತ್ತೆ. ಡಿಸ್ಕ್ ಓದೋ ಲೆನ್ಸ್ ಸೋತಿದ್ರೆ ಅಂಚಿನ ಹತ್ತಿರ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ. ಹತ್ತು ಸಲ ಡಿಸ್ಕ್ ಹಾಕಿ ತೆಗೀರಿ. ಹಿಂದೆ ಎಚ್‌ಡಿಎಂಐ ಇದೆಯಾ ನೋಡಿ, ನಾಳೆ ಡಿಸ್ಕ್ ಭಾಗ ಕೆಟ್ರೆ ಬೇರೆ ಪ್ಲೇಯರ್ ಸಿಕ್ಕಿಸೋಕೆ ಬೇಕು.

ನನ್ನನ್ನ ಕೇಳಿದ್ರೆ ಟಿವಿ ಬೇರೆ, ಪ್ಲೇಯರ್ ಬೇರೆ ಇರ್ಲಿ. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ರೆ ಲೆನ್ಸ್ ಹೋದ ದಿನ ಟಿವಿಯೂ ರಿಪೇರಿ ಅಂಗಡಿಯಲ್ಲಿ ಕೂರುತ್ತೆ. ವೈರ್ ಎಳೆಯೋಕೆ ಜಾಗ ಇಲ್ಲದ ಕೌಂಟರ್‌ಗೆ, ಅಥವಾ ಆಗಾಗ ಎತ್ಕೊಂಡು ಹೋಗೋ ಸೆಟ್‌ಗೆ ಮಾತ್ರ ಕಾಂಬಿ, ಅಂದ್ರೆ ಎರಡೂ ಒಂದರಲ್ಲೇ ಇರೋ ಟಿವಿ, ಸರಿ.

ದಾವಣಗೆರೆ ಟ್ಯೂಷನ್: ಯಾವ ಬ್ರಾಂಡ್ ಒಳ್ಳೇದು ಸಾರ್?

ಟೆಕ್ನಿಷಿಯನ್: ಹಳೇ ಸೆಟ್‌ನಲ್ಲಿ ಬ್ರಾಂಡ್ ನೋಡೋದಲ್ಲ, ಲೆನ್ಸ್ ನೋಡೋದು. ಪರೀಕ್ಷೆ ಮಾಡೋ ಕ್ರಮ ಮೇಲಿದೆ.

ಮಂಗಳೂರು: ಗೋಡೆಗೆ ಹಾಕೋ ಬ್ರಾಕೆಟ್ ಯಾವ ಅಳತೆ ಬೇಕು ಅಣ್ಣ?

ತುಮಕೂರು ಸೊಸೈಟಿ: ಸಾರ್, ನಮ್ಮ ಸಹಕಾರ ಸಂಘದಲ್ಲಿ ತರಬೇತಿ ಡಿಸ್ಕ್‌ಗಳಿವೆ, ಕಂಪನಿಯವಲ್ಲ, ನಾವೇ ರೆಕಾರ್ಡ್ ಮಾಡಿದ್ದು. ಕಾಂಬಿ ಟಿವಿಯಲ್ಲಿ ಸಿನಿಮಾ ಡಿಸ್ಕ್ ಓಡುತ್ತೆ, ಇವಕ್ಕೆ ಮಾತ್ರ ‘ನೋ ಡಿಸ್ಕ್’ ಬರುತ್ತೆ. ಬೇರೆ ಟಿವಿ ತಗೊಂಡ್ರೆ ಸರಿ ಹೋಗುತ್ತಾ?

ಟೆಕ್ನಿಷಿಯನ್: ಟಿವಿ ಖರೀದಿ ಸದ್ಯಕ್ಕೆ ನಿಲ್ಲಿಸಿ. ಇಲ್ಲಿ ಅಪಾಯದಲ್ಲಿರೋದು ಟಿವಿ ಅಲ್ಲ, ಡಿಸ್ಕ್‌ಗಳು. ಎರಡು ಕಾರಣ ಇರಬಹುದು. ಒಂದು, ಲೆನ್ಸ್ ಸೊರಗಿದೆ. ಅಚ್ಚು ಹಾಕಿದ ಸಿನಿಮಾ ಡಿಸ್ಕಿಗಿಂತ ಬರೆದ ಡಿಸ್ಕ್ ಬೆಳಕನ್ನ ಕಡಿಮೆ ಹಿಂದಿರುಗಿಸುತ್ತೆ, ಅದರಲ್ಲೂ ಅಳಿಸಿ ಬರೆಯೋ ಆರ್‌ಡಬ್ಲ್ಯೂ ಇನ್ನೂ ಕಡಿಮೆ. ಅದಕ್ಕೇ ಸಿನಿಮಾ ಓಡುತ್ತೆ, ಇವು ಓಡಲ್ಲ. ಇನ್ನೊಂದು, ರೆಕಾರ್ಡ್ ಮಾಡಿದವರು ಕೊನೆಗೆ ‘ಫೈನಲೈಸ್’ ಮಾಡಿಲ್ಲ, ಅಂದ್ರೆ ಬೇರೆ ಪ್ಲೇಯರ್‌ಗಳೂ ಓದೋ ಹಾಗೆ ಡಿಸ್ಕನ್ನ ಮುಗಿಸಿ ಮುಚ್ಚಿಲ್ಲ. ಆಗ ರೆಕಾರ್ಡ್ ಮಾಡಿದ ಯಂತ್ರ ಬಿಟ್ಟು ಬೇರೆ ಪ್ಲೇಯರ್‌ಗಳು ಸಾಮಾನ್ಯವಾಗಿ ಅದನ್ನ ಓದಲ್ಲ, ಎಷ್ಟು ಟಿವಿ ಬದಲಿಸಿದ್ರೂ ಅಷ್ಟೇ.

ಮೊದಲು ಕಂಪ್ಯೂಟರ್ ಡ್ರೈವಿನಲ್ಲಿ ಹಾಕಿ. ‘ವಿಡಿಯೋ ಟಿಎಸ್’ ಅನ್ನೋ ಫೋಲ್ಡರ್ ಕಂಡ್ರೆ ಡಿಸ್ಕ್ ಸರಿ ಇದೆ, ಇಡೀ ಫೋಲ್ಡರ್ ಅವತ್ತೇ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಎರಡು ಕಡೆ ಇಡಿ. ಖಾಲಿ ಅಂತ ತೋರಿಸಿದ್ರೆ ಗಾಬರಿ ಆಗಬೇಡಿ, ಆದರೆ ಅದರ ಮೇಲೆ ಏನನ್ನೂ ಬರೀಬೇಡಿ. ಡಿಸ್ಕ್ ಮೇಲೆ ಕಾಗದದ ಲೇಬಲ್ ಅಂಟಿಸಿದ್ದೀರಾ? ಅಂಟಿಸಿದ್ರೆ ಕಾಂಬಿಯ ಸೀಳಿಗೆ ಹಾಕಲೇಬೇಡಿ. ಬಿಸಿಗೆ ಅಂಚು ಎದ್ದು ಒಳಗೆ ಸಿಕ್ಕಿಕೊಳ್ಳುತ್ತೆ. ಲೇಬಲ್ ಕೀಳೋಕೂ ಹೋಗಬೇಡಿ, ಡಿಸ್ಕಿನ ಮೇಲ್ಪದರವೂ ಕಿತ್ತು ಬರಬಹುದು.

ಹಾಸನ: ಫಾರ್ವರ್ಡ್ ಬಂದಿದೆ: ಡಿಸ್ಕಿಗೆ ಟೂತ್‌ಪೇಸ್ಟ್ ಉಜ್ಜಿ, ಲೆನ್ಸಿಗೆ ನೇಲ್ ಪಾಲಿಶ್ ರಿಮೂವರ್ ಹಚ್ಚಿ, ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿದ್ರೆ ಹೊಸದರಂತೆ ಓದುತ್ತಂತೆ.

ಟೆಕ್ನಿಷಿಯನ್: ಮೂರೂ ತಪ್ಪು. ಪೇಸ್ಟ್ ಹೊಸ ಗೀರು ಎಳೆಯುತ್ತೆ. ರಿಮೂವರ್‌ನಲ್ಲಿ ಅಸಿಟೋನ್ ಇದ್ರೆ ಪ್ಲಾಸ್ಟಿಕ್ ಲೆನ್ಸ್ ಮಂಜಾಗಿ ಅಲ್ಲಿಗೆ ಮುಗೀತು. ಆ ಸ್ಕ್ರೂ ಲೇಸರ್ ಕರೆಂಟ್ ಹೊಂದಿಸೋ ಪ್ರಿಸೆಟ್. ತಿರುಗಿಸಿದ್ರೆ ಸ್ವಲ್ಪ ದಿನ ಓದಿ ಲೇಸರ್ ಬೆಳಕು ಕೊಡೋ ಡಯೋಡ್ ಸುಟ್ಟು ಹೋಗುತ್ತೆ. ಮುಚ್ಚಳ ತೆಗೆದು ಓಡ್ತಿರೋ ಲೆನ್ಸನ್ನ ಇಣುಕಿ ನೋಡಬೇಡಿ, ಕಣ್ಣಿಗೆ ಹಾನಿ. ಸಿಡಿ ಓದೋ 780 ನ್ಯಾನೋಮೀಟರ್ ಕಿರಣ ಹೆಚ್ಚುಕಡಿಮೆ ಕಾಣೋದೇ ಇಲ್ಲ. ಪ್ಲಗ್ ಕಿತ್ತು, ಹತ್ತಿ ಕಡ್ಡಿಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೇ ಹನಿ, ಲೆನ್ಸನ್ನ ಒತ್ತದೆ ಒರೆಸಿ. ಡಿಸ್ಕನ್ನ ನಡುವಿನಿಂದ ಅಂಚಿಗೆ ಒರೆಸಿ, ಸುತ್ತು ಒರೆಸಬೇಡಿ.

ಮೈಸೂರು ವಕೀಲ: ಶಿರಸಿಯವರೇ, ಡಿಸ್ಕ್ ಕವರ್ ಓದಿ, ಮನೆ ವೀಕ್ಷಣೆಗೆ ಮಾತ್ರ ಅಂತ ಇರುತ್ತದೆ. ಕ್ಲಿನಿಕ್ಕಿನಲ್ಲಿ ಹಾಕುವುದು ಸಾರ್ವಜನಿಕ ಪ್ರದರ್ಶನ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕುದಾರರ ಅನುಮತಿ ಬೇಕು.

ಶಿರಸಿ ಕ್ಲಿನಿಕ್: ನಾವೇನು ಟಿಕೆಟ್ ಮಾರ್ತೀವಾ? ಬಸ್ಸಿನಲ್ಲಿ, ಹೋಟೆಲಿನಲ್ಲಿ ಎಲ್ಲಾ ಕಡೆ ಹಾಕ್ತಾರೆ.

ಮೈಸೂರು ವಕೀಲ: ಟಿಕೆಟ್ ಇಲ್ಲ ಅಂದ ಮಾತ್ರಕ್ಕೆ ವಿನಾಯಿತಿ ಇಲ್ಲ. ಬೇರೆಯವರು ಮಾಡುವುದು ನಿಮಗೆ ರಕ್ಷಣೆಯೂ ಅಲ್ಲ.

ಬೆಳಗಾವಿ: ಡಿಸ್ಕ್ ಕಾಲ ಮುಗೀತ್ರೀ. ಸ್ಮಾರ್ಟ್ ಟಿವಿ ತಗೊಂಡು ಯೂಟ್ಯೂಬ್ ಹಚ್ಚರಿ.

ಶಿರಸಿ ಕ್ಲಿನಿಕ್: ನಮ್ಮಲ್ಲಿ ನೆಟ್ ನಿಲ್ಲೋದಿಲ್ಲ ಅಂತಾನೇ ಡಿಸ್ಕ್ ಕೇಳಿದ್ದು. ಗೊತ್ತಿಲ್ಲದೆ ಮಾತಾಡಬೇಡಿ.

ಬೆಳಗಾವಿ: ಒಳ್ಳೇದಕ್ಕ ಹೇಳಿದ್ರ ಸಿಟ್ಟಾಕ್ಕೀರಲ್ಲ.

ಟೆಕ್ನಿಷಿಯನ್: ಜಗಳ ಬೇರೆ ಕಡೆ ಮಾಡ್ಕೊಳ್ಳಿ.

ಹುಬ್ಬಳ್ಳಿ ಝೆರಾಕ್ಸ್: ನಮ್ಮ ಟಿವಿ 12 ವೋಲ್ಟ್ ಅಡಾಪ್ಟರಿನದು. ಕರೆಂಟ್ ಹೋದಾಗ ಇನ್ವರ್ಟರ್ ಬ್ಯಾಟರಿಗೆ ಸೀದಾ ಜೋಡಿಸಬಹುದು ಅಂತ ಒಂದು ವಿಡಿಯೋ ಬಂದೈತಿ.

ಟೆಕ್ನಿಷಿಯನ್: ಮಾಡಬೇಡಿ. ಚಾರ್ಜ್ ಆಗುವಾಗ ಆ ಬ್ಯಾಟರಿ 14.4 ವೋಲ್ಟ್ ತನಕ ಏರುತ್ತೆ, ಬೋರ್ಡ್ ಹೋಗಬಹುದು. ಫ್ಯೂಸ್ ಇಲ್ಲದ ವೈರ್ ಶಾರ್ಟ್ ಆದ್ರೆ ಬೆಂಕಿ. ಇನ್ವರ್ಟರಿನ 230 ವೋಲ್ಟ್ ಸಾಕೆಟ್‌ಗೆ ಟಿವಿಯ ಅಡಾಪ್ಟರನ್ನೇ ಹಾಕಿ.

ಲೆಸ್ಟರ್, ಇಂಗ್ಲೆಂಡ್: ಇಲ್ಲಿ ಕಾಂಬಿ ಹೊಸದೇ ಸಿಗುತ್ತೆ. ಕನ್ನಡ ಡಿಸ್ಕ್ ಓಡುತ್ತಾ? ಆಫೀಸಿಗೆ ಟಿವಿ ಲೈಸೆನ್ಸ್ ಬೇಕಾ?

ಟೆಕ್ನಿಷಿಯನ್: ಡಿವಿಡಿಗೆ ದೇಶವಾರು ಪ್ರದೇಶ ಸಂಖ್ಯೆ (ರೀಜನ್) ಇರುತ್ತೆ, ನಿಮ್ಮದು 2, ಭಾರತದ್ದು 5. ಡಿಸ್ಕ್ ಮೇಲೆ ‘ಆಲ್ ರೀಜನ್’ ಅಂತ ಇದ್ರೆ ಓಡುತ್ತೆ. ಬರೀ ಡಿಸ್ಕ್ ನೋಡೋದಾದ್ರೆ ಲೈಸೆನ್ಸ್ ಬೇಡ, ಟಿವಿ ನೇರಪ್ರಸಾರ ಅಥವಾ ಬಿಬಿಸಿಯ ಐಪ್ಲೇಯರ್ ನೋಡಿದ್ರೆ ಬೇಕು.

ಕೋಲಾರ: ಯಾವ ಬ್ರಾಂಡ್ ತಗೋಬೇಕು ಹೇಳಿ ಸಾರ್.

ಟೆಕ್ನಿಷಿಯನ್: ಮೇಲೆ ಓದಿ.

ಮಂಗಳೂರು: ಬ್ರಾಕೆಟ್ ಕೇಳಿದ್ದೆ, ಯಾರೂ ಹೇಳಲಿಲ್ಲ.

ತುಮಕೂರು ಸೊಸೈಟಿ: ಸಾರ್, ಕಂಪ್ಯೂಟರಿನಲ್ಲಿ ಖಾಲಿ ಅಂತಲೇ ತೋರಿಸ್ತಿದೆ. ಲೇಬಲ್ ಇಲ್ಲ. ರೆಕಾರ್ಡ್ ಮಾಡಿದ ಯಂತ್ರ ಗೋದಾಮಿನಲ್ಲಿದೆ, ಗುಜರಿಗೆ ಹಾಕೋರಿದ್ರು.

ಟೆಕ್ನಿಷಿಯನ್: ಅದನ್ನ ಯಾರಿಗೂ ಕೊಡಬೇಡಿ! ಧೂಳು ಒರೆಸಿ ಅದರಲ್ಲೇ ಒಂದು ಡಿಸ್ಕ್ ಓಡಿಸಿ. ಚಿತ್ರ ಬಂದ್ರೆ ತಕ್ಷಣ ಫೈನಲೈಸ್ ಒತ್ತಬೇಡಿ. ಅದೂ ಡಿಸ್ಕಿಗೆ ಬರೆಯೋ ಕೆಲಸವೇ, ಹಳೇ ಡಿಸ್ಕ್ ನಡುವೆ ಕೈಕೊಟ್ರೆ ಇದ್ದದ್ದೂ ಹೋಗುತ್ತೆ. ಮೊದಲು ಹಳದಿ, ಬಿಳಿ, ಕೆಂಪು ವೈರಿನಿಂದ ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ (ಚಿತ್ರ, ದನಿಯನ್ನ ಕಂಪ್ಯೂಟರಿಗೆ ತಲುಪಿಸೋದು) ಕೊಟ್ಟು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ. ಎರಡು ಗಂಟೆಯ ಡಿಸ್ಕಿಗೆ ಎರಡು ಗಂಟೆಯೇ ಹಿಡಿಯುತ್ತೆ. ಆಮೇಲೆ ಯಂತ್ರವನ್ನ ಯುಪಿಎಸ್‌ಗೆ ಹಾಕಿ, ಸೆಟಪ್ ಮೆನುವಿನಲ್ಲಿ ಫೈನಲೈಸ್ ಕೊಡಿ, ಮುಗಿಯೋ ತನಕ ಯಾವ ಬಟನ್ನೂ ಮುಟ್ಟಬೇಡಿ. ಮೊದಲ ಡಿಸ್ಕ್ ಏನಾಯ್ತು ಇಲ್ಲೇ ಬರೀರಿ, ಅಲ್ಲಿ ತನಕ ಎರಡನೇದಕ್ಕೆ ಫೈನಲೈಸ್ ಕೊಡಬೇಡಿ.