ಸಹಾಯ ಬೇಕು: ಕಂಪನಿ ಜೊತೆಗಿನ ಒಪ್ಪಂದದಲ್ಲಿ ಪೇಟೆಂಟ್ ಯಾರಿಗೆ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಮೇಷ್ಟ್ರು. ನಮ್ಮ ಕೊನೆ ವರ್ಷದ ಮಕ್ಕಳು ಬೇಯಿಸಿದ ಅಡಿಕೆ ಒಣಗಿಸುವ ಯಂತ್ರ ಮಾಡಿದ್ದಾರೆ. ಖಾಸಗಿ ಕಂಪನಿಯೊಂದು ಹಣ, ಇಂಟರ್ನ್‌ಶಿಪ್ ಎರಡೂ ಕೊಡುತ್ತೇವೆ ಅಂದಿದೆ.

ಆದರೆ ಅವರ ಎಂಒಯು (ಒಪ್ಪಂದ ಪತ್ರ) ಕರಡು ನನಗೆ ಸರಿ ಕಾಣುತ್ತಿಲ್ಲ. ಪೇಟೆಂಟ್ ಪೂರ್ತಿ ಕಂಪನಿಯದ್ದಂತೆ. ಅವರು ಒಪ್ಪುವ ತನಕ ಮಕ್ಕಳು ಪೇಪರ್ ಪ್ರಕಟಿಸುವಂತಿಲ್ಲವಂತೆ. ಅರ್ಜಿಗೆ ಮೊದಲೇ ಪ್ರಕಟವಾದರೆ ಪೇಟೆಂಟ್ ಸಿಗುವುದು ಕಷ್ಟ, ನಿಜ. ಆದರೆ ಮೊದಲು ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ತಿ ವಿವರ ಕೊಡಬಹುದು ಅಲ್ವಾ? 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ 80% ರಿಯಾಯಿತಿಯೂ ಇದೆ. ಕಾಲೇಜೇ ಅರ್ಜಿ ಹಾಕಿ, ಕಂಪನಿಗೆ ಲೈಸೆನ್ಸ್ ಕೊಡುವುದೇ ನ್ಯಾಯ ಅನ್ನುವುದು ನನ್ನ ಅಭಿಪ್ರಾಯ. ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಇದಕ್ಕೆಂದೇ ಬೇರೆ ಕಚೇರಿ ಇದೆ. ಇಲ್ಲಿ ಪ್ರಿನ್ಸಿಪಾಲರು ಮತ್ತು ನಾನು, ಅಷ್ಟೇ.

ಇಂಥ ಒಪ್ಪಂದ ಮಾಡಿಕೊಂಡವರು ಇದ್ದೀರಾ? ರಾಯಲ್ಟಿಯಲ್ಲಿ (ಪೇಟೆಂಟ್ ಬಳಸಿದ್ದಕ್ಕೆ ಕಂಪನಿ ಕೊಡುವ ಹಣ) ವಿದ್ಯಾರ್ಥಿಗಳ ಪಾಲನ್ನು ಹೇಗೆ ಬರೆಸಿದಿರಿ? ಹೆಸರು ಅಳಿಸಿದ ಒಂದು ಪ್ರತಿ ಸಿಕ್ಕರೂ ದೊಡ್ಡ ಉಪಕಾರ. ಕಮ್ಮಿ ಫೀಸಿಗೆ ಕರಡು ಓದಿ ಹೇಳುವ ಪೇಟೆಂಟ್ ಏಜೆಂಟ್ ಗೊತ್ತಿದ್ದರೂ ದಯವಿಟ್ಟು ತಿಳಿಸಿ. ಮುಂದಿನ ವಾರ ಸಹಿ ಹಾಕಬೇಕು ಅಂತ ಕಂಪನಿಯವರು ಅವಸರ ಮಾಡುತ್ತಿದ್ದಾರೆ.