ಪದ ಬೇಕು: ಬೇಗ ಅರಳುವ ಟುಲಿಪ್, ಜಾಸ್ತಿ ದಿನ ನಿಲ್ಲುವ ಟುಲಿಪ್

ಗೆಳೆಯರೇ, ಏಪ್ರಿಲ್‌ನಲ್ಲಿ ಇಲ್ಲಿಂದ ಶ್ರೀನಗರಕ್ಕೆ ಹೊರಟವರಿಗೆ ಒಂದು ಕರಪತ್ರ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಅಲ್ಲಿನ ಟುಲಿಪ್ ತೋಟದಲ್ಲಿ ಮೊದಲು, ನಡುವೆ, ಕೊನೆಗೆ ಅರಳುವ ತಳಿಗಳನ್ನು ಸೇರಿಸಿ ನೆಡುತ್ತಾರೆ. ಅದಕ್ಕೇ ತೋಟದಲ್ಲಿ ಸುಮಾರು ಒಂದು ತಿಂಗಳು ಹೂ ಇರುತ್ತದೆ. ಭತ್ತದ ತಳಿಗೆ ಹೇಳುವ ಹಾಗೆ ಅಲ್ಪಾವಧಿ, ಮಧ್ಯಮಾವಧಿ, ದೀರ್ಘಾವಧಿ ಎನ್ನಬಹುದೇ?
— ಶಿವಮೊಗ್ಗದಿಂದ

ಬೇಡ. ಭತ್ತದಲ್ಲಿ ಅವಧಿ ಎಂದರೆ ಬಿತ್ತನೆಯಿಂದ ಕೊಯ್ಲಿನವರೆಗಿನ ದಿನ. ಅಲ್ಪಾವಧಿ ಟುಲಿಪ್ ಎಂದರೆ ಎರಡು ದಿನಕ್ಕೆ ಬಾಡುವ ಹೂ ಎಂದೇ ಓದುತ್ತಾರೆ. ಯಾವಾಗ ಅರಳುತ್ತದೆ ಎನ್ನುವುದು ಬೇರೆ, ಎಷ್ಟು ದಿನ ಇರುತ್ತದೆ ಎನ್ನುವುದು ಬೇರೆ. ಒಂದೇ ತಳಿ ತಂಪಿದ್ದರೆ ಜಾಸ್ತಿ ದಿನ ಇರುತ್ತದೆ, ಬಿಸಿಲೇರಿದರೆ ಬೇಗ ಎಸಳು ಉದುರಿಸುತ್ತದೆ. ಮುಂಗಾರು, ಹಿಂಗಾರು ಇಲ್ಲವೇ? ಹಾಗೆಯೇ ಮುನ್ನರಳು, ನಡುವರಳು, ಹಿನ್ನರಳು ಎನ್ನಿ. ಇರುವ ದಿನಕ್ಕೆ ‘ಬಾಳಿಕೆ’. ಟುಲಿಪ್ ಎಂಬುದನ್ನೂ ಬಿಡಿ. ಅದರ ಮೂಲ ತುರ್ಕಿಯ ‘ತುಲ್ಬೆಂದ್’, ಅಂದರೆ ರುಮಾಲು. ‘ಪೇಟದ ಹೂ’ ಎಂದರೆ ನಮ್ಮದೇ ಆಗುತ್ತದೆ.
— ಸಾಗರದಿಂದ

ಪೇಟದ ಹೂ ಖಂಡಿತ ಬೇಡ. ತುರ್ಕಿಯವರೇ ಈ ಹೂವನ್ನು ಕರೆಯುವುದು ‘ಲಾಲೆ’ ಎಂದು. ರುಮಾಲಿನ ಹೆಸರು ಅಂಟಿಸಿದ್ದು ಯುರೋಪಿನವರು. ಅವರು ತಪ್ಪಿ ಹಿಡಿದದ್ದನ್ನು ನಾವು ಅನುವಾದ ಮಾಡಬೇಕೇ? ನಮ್ಮ ಡೇರೆ ಹೂ ನೋಡಿ. ಮೆಕ್ಸಿಕೋದ ಗಿಡ, ಸ್ವೀಡನ್ನಿನ ಡಾಲ್ ಎಂಬವರ ಹೆಸರು. ಡೇಲಿಯಾ ನಮ್ಮ ಬಾಯಲ್ಲಿ ಡೇರೆ ಆಯಿತು. ಮಳೆ ಹಿಡಿಯುವ ಮುಂಚೆ ಅಮ್ಮ ಗಡ್ಡೆಗಳನ್ನು ಹೊರಗೆ ತೆಗೆದು, ಮೊಳಕೆಯ ಕಣ್ಣು ಇದೆಯಾ ಎಂದು ಹೆಬ್ಬೆರಳಿನಲ್ಲಿ ಸವರಿ ನೋಡುತ್ತಿದ್ದರು. ‘ಈ ಕೆಂಪು ಬೇಗ ಬರ್ತದೆ, ಬಿಳಿಯದು ತಡ, ಆದ್ರೆ ಜಾಸ್ತಿ ದಿನ ತಡೀತದೆ’ ಎನ್ನುತ್ತಿದ್ದರು. ನಿಮಗೆ ಬೇಕಾದ ಎರಡು ಪದವೂ ಅದರಲ್ಲೇ ಇವೆ, ಅಲ್ವಾ? ಬಾಳಿಕೆ ಬಟ್ಟೆಗೆ, ಚಪ್ಪಲಿಗೆ. ಹೂವಿಗಲ್ಲ.
— ತೀರ್ಥಹಳ್ಳಿಯಿಂದ

ಲಾಲೆ ವಿಷಯ ಒಪ್ಪಿದೆ. ಆದರೆ ಡೇರೆಯ ಹೋಲಿಕೆ ಸಲ್ಲ. ಅದು ಜನರ ಬಾಯಲ್ಲಿ ಪಳಗಿದ ಪದ. ಟುಲಿಪ್ ಬರೀ ಅಚ್ಚಿನಲ್ಲಿ ಬಂದದ್ದು. ಎಲ್ಲವನ್ನೂ ಸುಮ್ನೆ ಎರವಲು ತಂದರೆ ಪದ ಕಟ್ಟುವ ಕಸುಬೇ ಮರೆತುಹೋಗುತ್ತದೆ. ಮುನ್ನರಳು ಬಿಡುವುದಿಲ್ಲ.
— ಸಾಗರದಿಂದ

ಕಟ್ಟಿ, ಯಾರು ಬೇಡ ಎಂದರು? ಇರುವ ಮಾತನ್ನು ಕೇಳಿಸಿಕೊಂಡು ಕಟ್ಟಿ.
— ತೀರ್ಥಹಳ್ಳಿಯಿಂದ

ಇಬ್ಬರಿಗೂ ವಂದನೆ. ಹೀಗೆ ಹಾಕುತ್ತಿದ್ದೇನೆ: ‘ಬೇಗ ಬರುವ, ನಡುವೆ ಬರುವ, ತಡವಾಗಿ ಬರುವ ಟುಲಿಪ್ ತಳಿಗಳಿವೆ. ಚಳಿ ಇದ್ದಷ್ಟೂ ಹೂ ಜಾಸ್ತಿ ದಿನ ತಡೆಯುತ್ತದೆ.’ ಮುನ್ನರಳು ನನಗೂ ಹಿಡಿಸಿತು ಸರ್, ತಲೆಬರಹಕ್ಕೆ ಇಟ್ಟುಕೊಂಡಿದ್ದೇನೆ.
— ಶಿವಮೊಗ್ಗದಿಂದ