ಮಲಯಾಳದಲ್ಲಿ ಬಂದ ರೀಸರ್ವೆ ನೋಟಿಸಿಗೆ ಕನ್ನಡದಲ್ಲೇ ಉತ್ತರ ಕೊಡಬಹುದಾ?

ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆಯಿಂದ ಪ್ರಶ್ನೆ: ನಮ್ಮ ಅಡಿಕೆ ತೋಟದ ಡಿಜಿಟಲ್ ರೀಸರ್ವೆ (ಜಾಗದ ಮರು ಅಳತೆ) ಆಗಿದೆ. ನೋಟಿಸು ಪೂರ್ತಿ ಮಲಯಾಳದಲ್ಲಿದೆ. ಜಾಗ ಅಮ್ಮನ ಹೆಸರಲ್ಲಿದೆ, ಅವರಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ಉತ್ತರ ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುತ್ತಾರಾ? ಹೊಸ ಮಲಯಾಳ ಭಾಷಾ ಮಸೂದೆ ಬಂದ ಮೇಲೆ ಆ ಹಕ್ಕೇ ಹೋಯಿತು ಅಂತ ಒಬ್ಬರು ಹೇಳಿದರು.

ಕುಂಬಳೆಯಿಂದ: ಹಕ್ಕು ಹೋಗಿಲ್ಲ, ಧೈರ್ಯವಾಗಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲೇ ಇದು ಇದೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್‌ಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸ್ಥಳೀಯ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. 2025ರ ಮಸೂದೆಯ ಬಗ್ಗೆ ಗಲಾಟೆ ಎದ್ದದ್ದು ಮುಖ್ಯವಾಗಿ ಶಾಲೆಗಳಲ್ಲಿ ಮಲಯಾಳ ಮೊದಲ ಭಾಷೆಯಾಗುವ ವಿಷಯಕ್ಕೆ. ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ ಪತ್ರ ಬರೆದದ್ದೂ ಅದಕ್ಕೇ. ಆ ಚಿಂತೆ ನನಗೂ ಇದೆ, ಮಕ್ಕಳ ವಿಷಯ ಅಲ್ವಾ. ಆದರೆ ಆ ಮಸೂದೆಯ 7ನೇ ಕಲಮು ಕನ್ನಡದಲ್ಲಿ ಪತ್ರ ಬರೆಯುವ ಅವಕಾಶವನ್ನು ಉಳಿಸಿದೆ.

ಕೌಂಟರ್‌ನಲ್ಲಿ ಬಾಯಲ್ಲಿ ಕೇಳಿದರೆ ಯಾವ ದಾಖಲೆಯೂ ಉಳಿಯುವುದಿಲ್ಲ. ಒಂದು ಕಚೇರಿಯಲ್ಲಿ ನನಗೆ "ಮಲಯಾಳದಲ್ಲಿ ಬರೆದು ತನ್ನಿ" ಅಂದರು. 1969ರ ಕಾಯಿದೆಯ ಹೆಸರು ಹಾಕಿ ಕನ್ನಡದಲ್ಲೇ ಅರ್ಜಿ ಕೊಟ್ಟೆ, ನಕಲಿಗೆ ಸೀಲು ಕೇಳಿದೆ. ತೆಗೆದುಕೊಂಡರು.

ಬದಿಯಡ್ಕದಿಂದ: ಭಾಷೆಯ ಮಾತು ಸರಿ, ಆದರೆ ತಾರೀಖು ನೋಡಿ! ನೋಟಿಸನ್ನು ಇವತ್ತೇ ಮಲಯಾಳ ಬಲ್ಲವರಿಂದ ಓದಿಸಿ. ಸರ್ವೆ ಮತ್ತು ಗಡಿ ಕಾಯಿದೆಯ 9(2) ಅಂತ ಇದ್ದರೆ, ಸರ್ವೆ ದಾಖಲೆಯ ಕರಡು ನೋಡಿ ತಕರಾರು ಹೇಳುವ ಹಂತ ಅದು. 13ನೇ ಸೆಕ್ಷನ್ ಅಧಿಸೂಚನೆ ಬಂದರೆ ದಾಖಲೆ ಅಂತಿಮ, ಆಮೇಲೆ ತಿದ್ದಿಸಲು ತಾಲೂಕು ಕಚೇರಿಗೆ ಅಲೆಯಬೇಕು. ಕನ್ನಡ ಪ್ರತಿ ಬರಲಿ ಅಂತ ಕಾಯುತ್ತಾ ಕೂರಬೇಡಿ. ತಕರಾರು ಕನ್ನಡದಲ್ಲಿ ಕೊಡಿ, ಕನ್ನಡ ಪ್ರತಿ ಬೇಕೆಂದು ಅದರಲ್ಲೇ ಬರೆಯಿರಿ. ಸರ್ವೆ ನಂಬರು, ಸೆಂಟ್ಸು, ಗಡಿ ಮೂರನ್ನೂ ಜಾಗದ ಹಳೆ ಆಧಾರದ (ಹಕ್ಕುಪತ್ರದ) ಜೊತೆ ಹೋಲಿಸಿ. 1956ಕ್ಕೆ ಮುಂಚೆ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದೆವು, ಎಷ್ಟೋ ಮನೆಗಳ ಹಳೆ ಕಾಗದ ಕನ್ನಡದಲ್ಲೇ ಇದೆ. ಕುಮ್ಕಿ ಜಾಗ (ತೋಟಕ್ಕೆ ತಾಗಿದ, ಸೊಪ್ಪು-ಸೌದೆಗೆ ಬಳಸುವ ಸರ್ಕಾರಿ ಜಾಗ) ಇದ್ದರೆ ಇನ್ನೂ ಹುಷಾರಾಗಿ ನೋಡಿ. ನಮ್ಮ ಕಡೆ ಜಾಸ್ತಿ ತಲೆನೋವು ಅದರದ್ದೇ.

ಮಂಜೇಶ್ವರದಿಂದ: ನಕ್ಷೆಯನ್ನು ಕೇರಳ ಸರ್ಕಾರದ ಭೂದಾಖಲೆಯ 'ಎಂಡೆ ಭೂಮಿ' (ನನ್ನ ಭೂಮಿ) ಪೋರ್ಟಲ್‌ನಲ್ಲೂ ನೋಡಬಹುದು. 2024ರಲ್ಲಿ ಅದು ಶುರುವಾದದ್ದೇ ನಮ್ಮ ಉಜಾರು ಉಳುವಾರು ಗ್ರಾಮದಿಂದ. ಕುಂಬಳೆಯವರು ಹೇಳಿದ ಹಾಗೆ ಕನ್ನಡದಲ್ಲೇ ಕೊಡಿ, ಆದರೆ ನಾನಾದರೆ ಜೊತೆಗೆ ಅರ್ಧ ಪುಟದ ಮಲಯಾಳ ಸಾರಾಂಶವನ್ನೂ ಇಡುತ್ತೇನೆ. ಕಡತ ನೋಡುವವರಿಗೆ ಕನ್ನಡ ಬಾರದಿದ್ದರೆ ಅರ್ಜಿ ಸುಮ್ನೆ ಮೂಲೆಗೆ ಬೀಳಬಾರದು. ಸಹಿ ಮಾತ್ರ ಕನ್ನಡ ಪ್ರತಿಗೆ ಹಾಕಿ, ಅಮ್ಮ ಓದಿ ಒಪ್ಪಿದ್ದು ಅದನ್ನೇ. ವಕೀಲರು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯಿದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ಅರ್ಜಿ ಅಮ್ಮನ ಹೆಸರಲ್ಲೇ ಹಾಕಿ, ನಿಮ್ಮ ಹೆಸರಲ್ಲಿ ಬೇಡ.